ಒಂದು ಗಂಟಿನ ರೋಲು

ನನ್ನ ಅಂಗಡಿಗೆ ಹಳೆಯ ಕ್ಯಾಮೆರಾ ಹಿಡಿದುಕೊಂಡು ಬರುವವರಲ್ಲಿ ಎರಡು ಬಗೆ. ಅಟ್ಟದಲ್ಲಿ ತಾತನ ಕ್ಯಾಮೆರಾ ಸಿಕ್ಕಿತು, ಎಷ್ಟಕ್ಕೆ ಹೋಗುತ್ತದೆ ಎಂದು ಕೇಳುವವರು ಒಂದು ಬಗೆ. ಅವರನ್ನು ನಾನು ಕೂರಿಸುವುದೂ ಇಲ್ಲ. ‘ಇದಕ್ಕೊಂದು ಫಿಲ್ಮ್ ಹಾಕಿಕೊಡಿ, ಅಷ್ಟು ಸಾಕು’ ಎನ್ನುವವರು ಇನ್ನೊಂದು ಬಗೆ. ಇವರನ್ನು ಕಂಡರೆ ಸಿಟ್ಟೂ ಬರುತ್ತದೆ, ಪಾಪ ಅಂತಲೂ ಅನ್ನಿಸುತ್ತದೆ. ಲಾಳ ಸಿಕ್ಕಿತೆಂದು ಕುದುರೆ ಹುಡುಕಿಕೊಂಡು ಹೊರಟವರು. ಕ್ಯಾಮೆರಾ ಎಷ್ಟು ಹಳೆಯದಾದರೂ ನಾನು ಎಬ್ಬಿಸಿ ನಿಲ್ಲಿಸಬಲ್ಲೆ. ಮಡಿಕೆಯ ಚರ್ಮದ ತಿದಿ ಹರಿದಿದ್ದರೆ ತೇಪೆ ಹಾಕುತ್ತೇನೆ, ಲೆನ್ಸಿಗೆ ಬೂಸ್ಟು ಹಿಡಿದಿದ್ದರೆ ಬಿಚ್ಚಿ ಒರೆಸುತ್ತೇನೆ, ತುಕ್ಕು ಹಿಡಿದ ತಿರುಪಿಗೆ ಎಣ್ಣೆ ಕುಡಿಸಿ ಒಲಿಸಿಕೊಳ್ಳುತ್ತೇನೆ. ಆದರೆ ಅದರ ಹೊಟ್ಟೆಗೆ ಹಾಕುವ ಫಿಲ್ಮನ್ನು ಎಲ್ಲಿಂದ ತರಲಿ? ಕೆಲವು ಅಳತೆಯ ಫಿಲ್ಮುಗಳನ್ನು ಮಾಡುವುದು ನಾನು ಹುಟ್ಟುವ ಮೊದಲೇ ನಿಂತುಹೋಗಿದೆ. ಇದನ್ನೆಲ್ಲ ಬಿಡಿಸಿ ಹೇಳಿದರೆ ನಾನೇ ಎಲ್ಲೋ ಬಚ್ಚಿಟ್ಟುಕೊಂಡಿದ್ದೇನೆ ಎನ್ನುವಂತೆ ಮುಖ ನೋಡುತ್ತಾರೆ.

ಊರಿಗೆಲ್ಲ ಹೀಗೆ ಬುದ್ಧಿ ಹೇಳುತ್ತಿದ್ದವಳ ಮುಂದೆ ಒಂದು ಬೆಳಿಗ್ಗೆ ನನ್ನ ಅಮ್ಮನೇ ಆ ಎರಡನೆಯ ಬಗೆಯ ಗಿರಾಕಿಯಾಗಿ ಬಂದು ನಿಂತಳು.

ಬಂದದ್ದು ಬೇರೆಲ್ಲಿಂದಲೂ ಅಲ್ಲ, ಮಹಡಿಯಿಂದ. ನಾವಿಬ್ಬರೂ ಇರುವುದು ಮೇಲೆ. ಕೆಳಗೆ ಮುಂದಿನ ಕೋಣೆಯಲ್ಲಿ ನನ್ನ ರಿಪೇರಿ ಅಂಗಡಿ, ಅದರ ಹಿಂದೆ ಅಪ್ಪ ಬದುಕಿದ್ದಾಗ ಫೋಟೋ ತೆಗೆಯುತ್ತಿದ್ದ ದೊಡ್ಡ ಕೋಣೆ, ಅದರ ಪಕ್ಕದಲ್ಲಿ ಫಿಲ್ಮ್ ತೊಳೆಯುವ ಕತ್ತಲೆ ಕೋಣೆ. ಅಮ್ಮ ಮೆಟ್ಟಿಲಿನ ಕಂಬಿ ಹಿಡಿದು, ಪಾದದಿಂದ ತಡವಿಕೊಂಡು ಇಳಿದಳು. ಅವಳ ಕಣ್ಣಿನ ನರ ಒಣಗುತ್ತ ಬಂದಿತ್ತು. ಈ ವರ್ಷ ಕಳೆಯುವಷ್ಟರಲ್ಲಿ ಬೆಳಕು ಯಾವುದು ನೆರಳು ಯಾವುದು ಎಂಬುದಷ್ಟೇ ತಿಳಿಯುತ್ತದೆ, ಅದಕ್ಕೆ ಆಪರೇಷನ್ನೂ ಇಲ್ಲ, ಕನ್ನಡಕವೂ ಇಲ್ಲ ಎಂದು ಕಣ್ಣಿನ ಡಾಕ್ಟರು ಕೈ ಚೆಲ್ಲಿದ್ದರು. ಅವಳ ಕಂಕುಳಲ್ಲಿ ಟವೆಲ್ ಸುತ್ತಿದ ಒಂದು ಗಂಟಿತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದಳು. ಅಪ್ಪನ ಮಡಚುವ ಕ್ಯಾಮೆರಾ.

‘ಇದಕ್ಕೊಂದು ಫಿಲ್ಮ್ ಹಾಕಿಕೊಡು’ ಅಂದಳು.

‘ಶುರುವಾಯ್ತಾ ನಿಂದೂ? ಇದರ ಫಿಲ್ಮ್ ಎಲ್ಲೂ ಸಿಗಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಪ್ಪನ ಜೊತೆ ಕತ್ತಲೇಲಿ ಕೂತು ಫಿಲ್ಮ್ ಕತ್ತರಿಸ್ತಿದ್ದವಳು ನೀನೇ ಅಲ್ವಾ?’

‘ಅದೆಲ್ಲ ಇರ್ಲಿ. ಆ ಕೋಣೇಲಿ, ಆ ಕುರ್ಚೀಲಿ ನನ್ನನ್ನ ಕೂರಿಸಿ, ಇದ್ರಲ್ಲೇ ಒಂದು ಫೋಟೋ ತೆಗಿ. ಅವನನ್ನ ಚೆನ್ನಾಗಿದ್ದಾಗ ಕೊನೇಲಿ ನೋಡಿದ್ದು ಈ ಕ್ಯಾಮೆರಾನೇ. ಇದು ನನ್ನನ್ನೂ ಒಂದ್ಸಲ ನೋಡ್ಲಿ.’

ಅವನು ಎಂದರೆ ನನ್ನ ತಮ್ಮ. ಮೂರು ವರ್ಷ ತುಂಬುವ ಮೊದಲೇ ಜ್ವರದಲ್ಲಿ ಹೋದ. ಹೆಜ್ಜೆ ಇಟ್ಟಾಗಲೆಲ್ಲ ಪೀಂ ಎನ್ನುವ ಶೂ ಒಂದು ಜೊತೆ ಅವನಿಗಿತ್ತು. ಅದನ್ನು ಹಾಕಿಕೊಂಡೇ ಮಲಗುತ್ತೇನೆಂದು ರಂಪ ಮಾಡುತ್ತಿದ್ದನಂತೆ. ಅದಕ್ಕೇ ಮನೆಯಲ್ಲಿ ಅವನ ಹೆಸರು ಪೀಪಿ ಅಂತಲೇ ಆಗಿತ್ತು. ಆಗ ನಾನು ಆಗತಾನೇ ಶಾಲೆಗೆ ಹೋಗಲು ಶುರುಮಾಡಿದವಳು. ನನಗೆ ನೆನಪಿರುವುದು ಆ ಸದ್ದು ಮಾತ್ರ.

ಊರವರ ಮಕ್ಕಳನ್ನೆಲ್ಲ ಕೂರಿಸಿ ನಿಲ್ಲಿಸಿ ನಗಿಸಿ ಫೋಟೋ ತೆಗೆದ ಅಪ್ಪ, ತನ್ನ ಮಗನದನ್ನು ನಾಳೆ ತೆಗೆದರಾಯಿತು, ನಾಡಿದ್ದು ತೆಗೆದರಾಯಿತು ಎಂದು ತಳ್ಳುತ್ತ ಬಂದ. ದೀಪದ ಬುಡದಲ್ಲಿ ಕತ್ತಲೆ. ಕೊನೆಗೊಂದು ಮಧ್ಯಾಹ್ನ, ಗಿರಾಕಿಗಳಿಲ್ಲದ ಹೊತ್ತಿನಲ್ಲಿ, ಈ ಕ್ಯಾಮೆರಾದಲ್ಲಿ ಒಂದು ರೋಲ್ ಪೂರ್ತಿ ಅವನದೇ ಫೋಟೋ ತೆಗೆದನಂತೆ. ನಾನು ಶಾಲೆಯಲ್ಲಿದ್ದೆ. ಅಮ್ಮ ದೊಡ್ಡಮ್ಮನ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದಳು. ಅವಳು ತಿರುಗಿ ಬರುವಷ್ಟರಲ್ಲಿ ಹುಡುಗನ ಮೈ ಸುಡುತ್ತಿತ್ತು, ಕಣ್ಣು ಬಿಟ್ಟು ಇವಳನ್ನು ನೋಡಲೂ ಇಲ್ಲ. ಎಲ್ಲ ಮುಗಿದ ಮೇಲೆ ಅವಳು ಆ ರೋಲ್ ಕೇಳಿದಳು. ತೊಳೆಯುವಾಗ ಬೆಳಕು ಬಿತ್ತು, ಹಾಳಾಯಿತು ಎಂದ ಅಪ್ಪ. ಆಮೇಲೆ ಆ ಕ್ಯಾಮೆರಾವನ್ನು ಅವನು ಮುಟ್ಟಲಿಲ್ಲ.

‘ಮೊದಲೆಲ್ಲ ಕಣ್ಣು ಮುಚ್ಚಿದ್ರೆ ಅವನ ಮುಖ ಬರ್ತಿತ್ತು’ ಅಂದಳು ಅಮ್ಮ. ‘ಈಗ ಬರೀ ಶೂ ಬರ್ತಿದೆ. ಮುಖ ಇರೋ ಜಾಗದಲ್ಲಿ ಏನೂ ಇಲ್ಲ. ಇನ್ನು ಕಣ್ಣು ಪೂರ್ತಿ ಹೋದ್ಮೇಲೆ ನಾನು ಆ ಶೂನೇ ನೋಡ್ಕೊಂಡು ಕೂತಿರಬೇಕಾ?’

ಅವಳು ಫೋಟೋ ತೆಗೆಸಿಕೊಂಡರೆ ಹುಡುಗನ ಮುಖ ಹೇಗೆ ವಾಪಸು ಬರುತ್ತದೆ ಎಂದು ಕೇಳಬಹುದಿತ್ತು. ಹಾಗೆ ಕೇಳುವಷ್ಟು ಕಟುಕಿ ನಾನಲ್ಲ.

ಅವತ್ತಿನಿಂದ ಆ ಫಿಲ್ಮಿಗಾಗಿ ನಾನು ತಿರುಗದ ಜಾಗವಿಲ್ಲ. ಫೋಟೋ ಸಾಮಾನಿನ ದೊಡ್ಡ ಅಂಗಡಿಯವನು ಆ ಅಳತೆ ಕೇಳಿ, ‘ಅಕ್ಕಾ, ನೀವು ಯಾವ ಶತಮಾನದಿಂದ ಬರ್ತಿದ್ದೀರಿ?’ ಎಂದು ನಕ್ಕ. ಮುಚ್ಚಿಹೋದ ಸ್ಟುಡಿಯೋಗಳ ಸಾಮಾನನ್ನು ಸಗಟಾಗಿ ಎತ್ತುವ ಗುಜರಿಯವನೊಬ್ಬನಿದ್ದಾನೆ. ಅವನ ಗೋಡೌನಿನಲ್ಲಿ ಅರ್ಧ ದಿನ ಧೂಳು ಕುಡಿದೆ. ನಾಲ್ಕಾರು ಹಳೆಯ ರೋಲುಗಳೇನೋ ಸಿಕ್ಕವು. ಒಂದರಲ್ಲಿ, ಬೆಳಕು ತಾಗದಂತೆ ಫಿಲ್ಮಿನ ಬೆನ್ನಿಗೆ ಸುತ್ತಿರುವ ಕಾಗದ ಫಿಲ್ಮಿಗೇ ಅಂಟಿಕೊಂಡು ಹಪ್ಪಳವಾಗಿತ್ತು. ಇನ್ನೊಂದನ್ನು ತೊಳೆದರೆ ಈ ತುದಿಯಿಂದ ಆ ತುದಿಯವರೆಗೆ ಕಾಡಿಗೆ. ಕಂಪ್ಯೂಟರಿನಲ್ಲಿ ಹುಡುಕಿ ತರಿಸಿದ ಇನ್ನೊಂದು, ಹೊರಗಿನ ಡಬ್ಬಿ ಮಾತ್ರ ಆ ಅಳತೆಯದು, ಒಳಗೆ ಖಾಲಿ ಉರುಳೆ. ಇತ್ತ ಅಮ್ಮನ ಕಣ್ಣು ದಿನದಿನಕ್ಕೆ ಕಿರಿದಾಗುತ್ತಿತ್ತು. ಎದುರಿಗೆ ತಟ್ಟೆ ಇಟ್ಟರೆ ಎಡಗಡೆಯದು ಕಾಣದೆ ಬರೀ ಬಲಗಡೆಯದನ್ನು ತಿಂದು ಏಳುತ್ತಿದ್ದಳು.

ಕೊನೆಗೆ ಸಿಕ್ಕಿದ್ದು ಮನೆಯಲ್ಲೇ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಹಾಗಾಯಿತು ನನ್ನ ಕಥೆ. ಕತ್ತಲೆ ಕೋಣೆಯ ಕಲ್ಲುಕಟ್ಟೆಯ ಕೆಳಗೆ, ಗೋಡೆ ಸದಾ ತಣ್ಣಗಿರುವ ಮೂಲೆಯಲ್ಲಿ, ಅಪ್ಪನ ಬಿಸ್ಕತ್ತಿನ ತಗಡಿನ ಡಬ್ಬಿಯಿತ್ತು. ಒಳಗೆ ಖಾಲಿ ಉರುಳೆಗಳು, ಮಡಚಿಟ್ಟ ಹಿಂಬದಿ ಕಾಗದಗಳು, ತಳದಲ್ಲಿ ಮೇಣದ ಕಾಗದ ಸುತ್ತಿದ ಒಂದು ರೋಲು.

ಅಪ್ಪನ ರೋಲುಗಳ ಲೆಕ್ಕಾಚಾರ ಹೊರಗಿನವರಿಗೆ ತಲೆಬುಡ ತಿಳಿಯುವುದಿಲ್ಲ, ಹೇಳುತ್ತೇನೆ. ಆ ಅಳತೆಯ ಫಿಲ್ಮ್ ಬರುವುದು ನಿಂತಮೇಲೆ ಅಪ್ಪ ಅಗಲದ ಫಿಲ್ಮನ್ನು ಕತ್ತಲೆಯಲ್ಲಿ ಉದ್ದಕ್ಕೆ ಕತ್ತರಿಸಿ, ಒಮ್ಮೆ ಬಳಸಿದ ಹಳೆಯ ಹಿಂಬದಿ ಕಾಗದದ ಮೇಲೇ ಇಟ್ಟು, ಹಳೆಯ ಉರುಳೆಗೇ ಸುತ್ತುತ್ತಿದ್ದ. ಹಾಗೆ ಕತ್ತರಿಸಲು ಆ ಅಗಲದ ಫಿಲ್ಮೂ ಈಗ ಬರುವುದಿಲ್ಲ. ಕಾಗದ ಹಳೆಯದಾದ್ದರಿಂದ ಅದರ ತುದಿಯಲ್ಲಿ ‘ಬಳಸಿದ್ದು’ ಎಂದೇ ಅಚ್ಚಾಗಿರುತ್ತಿತ್ತು, ಒಳಗಿನ ಫಿಲ್ಮ್ ಹೊಸದಾಗಿದ್ದರೂ. ಹಾಗಾಗಿ ಕಾಗದದ ಮಾತು ನಮ್ಮ ಮನೆಯಲ್ಲಿ ನಡೆಯುತ್ತಿರಲಿಲ್ಲ, ದಾರದ ಮಾತು ನಡೆಯುತ್ತಿತ್ತು. ರೋಲಿಗೆ ಸುತ್ತಿದ ದಾರಕ್ಕೆ ಒಂದು ಗಂಟಿದ್ದರೆ ಫಿಲ್ಮ್ ಹೊಸದು, ಎರಡು ಗಂಟಿದ್ದರೆ ಫೋಟೋ ತೆಗೆದು ಆಗಿದೆ, ತೊಳೆಯಬೇಕು. ಕತ್ತಲೆಯಲ್ಲಿ ಬೆರಳಿಗೂ ತಿಳಿಯುತ್ತಿತ್ತು. ಇದನ್ನು ಬಲ್ಲವರು ಜಗತ್ತಿನಲ್ಲಿ ಮೂರೇ ಜನ. ಅಪ್ಪ, ಅಮ್ಮ, ನಾನು.

ಈ ರೋಲಿಗೆ ಒಂದು ಗಂಟು.

ಆದರೂ ನಾನು ಹುಂಬಿಯಲ್ಲ. ಇಷ್ಟು ವರ್ಷ ಕೂತ ಫಿಲ್ಮಿನಲ್ಲಿ ಇನ್ನೂ ಜೀವವಿದೆಯೇ ಎಂದು ನೋಡಬೇಕಲ್ಲ. ಕತ್ತಲೆಯಲ್ಲಿ ರೋಲನ್ನು ಬಿಚ್ಚಿ, ಬಾಲದ ತುದಿಯಿಂದ ಒಂದು ಚೂರು ಕತ್ತರಿಸಿ, ತೊಳೆದು ನೋಡಿದೆ. ತೆಳುವಾಗಿ ಮಬ್ಬು ಕವಿದಿತ್ತು, ಅಷ್ಟೇ. ಒಳ್ಳೆಯ ಬೆಳಕಿನಲ್ಲಿ ಸ್ವಲ್ಪ ಹೆಚ್ಚು ಹೊತ್ತು ತೆರೆದಿಟ್ಟರೆ ಚಿತ್ರ ಖಂಡಿತ ಬರುತ್ತದೆ. ಮೀಸೆ ಇದ್ದಿದ್ದರೆ ತಿರುವುತ್ತಿದ್ದೆ. ಫಿಲ್ಮಿನ ಬಾಲದವರೆಗೆ ಯಾವ ಚಿತ್ರವೂ ಬರುವುದಿಲ್ಲ, ಅದು ಯಾವಾಗಲೂ ಖಾಲಿಯೇ ಇರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲೇ ಇಲ್ಲ. ಗಂಟು ಒಂದಿತ್ತಲ್ಲ.

ಮಾರನೆಯ ದಿನ ಬಿಸಿಲು ಚೆನ್ನಾಗಿತ್ತು. ಹಿಂದಿನ ಕೋಣೆಯ ದೊಡ್ಡ ಕಿಟಕಿಯ ಪರದೆ ಸರಿಸಿದೆ. ಅಪ್ಪನ ಮೂರು ಕಾಲಿನ ಸ್ಟ್ಯಾಂಡು ವರ್ಷಾನುಗಟ್ಟಲೆ ಒಂದೇ ಕಡೆ ನಿಂತು ನೆಲದಲ್ಲಿ ಮೂರು ಕುಳಿ ಮಾಡಿತ್ತು. ಅದರಲ್ಲೇ ಇಡು ಎಂದು ಅಮ್ಮ ಹಟ ಹಿಡಿದಳು. ಇಟ್ಟೆ. ಎತ್ತರದ ಬೆನ್ನಿನ ಮರದ ಕುರ್ಚಿಯನ್ನೂ ಅದರ ಹಳೆಯ ಜಾಗಕ್ಕೇ ಎಳೆದೆ. ಅಮ್ಮ ಅಂಚಿರುವ ಬೂದಿ ಬಣ್ಣದ ಶಾಲು ಹೊದ್ದು, ಕಡ್ಡಿ ಮುರಿದು ದಾರ ಸುತ್ತಿದ ಕನ್ನಡಕ ಹಾಕಿಕೊಂಡು, ಕೈಗಳನ್ನು ಮಡಿಲಲ್ಲಿ ಜೋಡಿಸಿ ಕೂತಳು.

ಆ ಕ್ಯಾಮೆರಾದ ಶಟರು ಎಂದೋ ಕೆಟ್ಟು ಬಾಯಿ ತೆರೆದುಕೊಂಡೇ ಇದೆ. ಅಪ್ಪ ಲೆನ್ಸಿನ ಮುಚ್ಚಳ ತೆಗೆದು, ಮನಸ್ಸಿನಲ್ಲೇ ಎಣಿಸಿ, ಮತ್ತೆ ಮುಚ್ಚುತ್ತಿದ್ದ. ಮುಚ್ಚಳ ತೆಗೆಯುವ ಮುಂಚೆ ಯಾವಾಗಲೂ ಒಂದೇ ಮಾತು: ‘ಉಸಿರು ಹಿಡಿ, ಬೆಳಕು ಬರ್ತಿದೆ.’ ಮುಚ್ಚಿದ ಮೇಲೆ ಅದು ಜಾರದಿರಲೆಂದು ಅದಕ್ಕೆ ಕಟ್ಟಿದ ದಾರವನ್ನು ಲೆನ್ಸಿನ ಕೊರಳಿಗೆ ಸುತ್ತುತ್ತಿದ್ದ. ನನಗೆ ಅಷ್ಟು ತಾಳ್ಮೆಯಿಲ್ಲ. ದಾರ ಜೋತಾಡುತ್ತಿರುತ್ತದೆ, ಇರಲಿ ಬಿಡು ಎನ್ನುವವಳು ನಾನು.

ಮೊದಲನೆಯದು ತೆಗೆದೆ. ಫಿಲ್ಮ್ ಮುಂದಕ್ಕೆ ಸುತ್ತುವ ಗುಬುಟನ್ನು ತಿರುಗಿಸಿದೆ, ಹಿಂದಿನ ಕೆಂಪು ಕಿಂಡಿಯಲ್ಲಿ ಎರಡು ಎಂಬ ಅಂಕಿ ಬಂತು. ತಿರುಗಿಸುವಾಗ ಪೀಂ ಎಂದು ಸದ್ದಾಯಿತು.

‘ಎಣ್ಣೆ ಹಾಕಿಲ್ವಾ?’ ಅಂದಳು ಅಮ್ಮ.

‘ಹಾಕಿದ್ದೀನಿ ಕಣಮ್ಮ, ನಿನ್ನೆ ತಾನೇ.’

ಎರಡು, ಮೂರು ಆಯಿತು. ಪ್ರತಿ ಸಲ ಸುತ್ತುವಾಗಲೂ ಆ ಸದ್ದು. ನಾಲ್ಕನೆಯದಕ್ಕೆ ಅಮ್ಮ ನನ್ನನ್ನು ಬಿಟ್ಟು, ಕುರ್ಚಿಯ ಎಡಕ್ಕೆ ಕೆಳಗಡೆ ಕತ್ತು ತಿರುಗಿಸಿದಳು. ಎಡಗಡೆಯದೇ ಅವಳಿಗೆ ಕಾಣದ ಕಡೆ.

‘ಇಲ್ಲಿ ನೋಡು ಅಮ್ಮ. ಅಲ್ಲೇನಿದೆ?’

‘ಏನಿಲ್ಲ. ಗಾಳಿ ಇರಬೇಕು’ ಅಂದಳು. ಕಿಟಕಿ ಮುಚ್ಚಿತ್ತು.

ಏಳನೆಯದು ಮುಗಿಸಿ ಗುಬುಟಿಗೆ ಕೈ ಹಾಕಿದೆ. ನಾನು ತಿರುಗಿಸುವ ಮೊದಲೇ ಪೀಂ ಅಂತು. ನನ್ನ ಕೈ ಗುಬುಟಿನ ಮೇಲೆ ಹಾಗೇ ನಿಂತಿತು. ಹಳೆಯ ಯಂತ್ರ, ಒಳಗಿನ ಬಿಗಿ ಸಡಿಲವಾಗುವಾಗ ಏನೇನೋ ಸದ್ದು ಮಾಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ತಿರುಗಿಸಿದೆ. ಈಗ ಸದ್ದೇ ಇಲ್ಲ. ಕಿಂಡಿಯಲ್ಲಿ ಎಂಟು ಬಂತು, ರೋಲಿನ ಕೊನೆಯದು.

‘ಗಂಟಲು ಒಣಗ್ತಿದೆ, ಸ್ವಲ್ಪ ನೀರು ಕೊಡು’ ಅಂದಳು ಅಮ್ಮ.

ಮುಚ್ಚಳ ಹಾಕಿದ್ದೇ ಇತ್ತು. ಮೇಲೆ ಹೋಗಿ ನೀರು ತಂದೆ. ಅಮ್ಮ ಕೂತ ಹಾಗೇ ಕೂತಿದ್ದಳು. ಆದರೆ ಜೋಡಿಸಿಟ್ಟಿದ್ದ ಕೈಗಳು ಈಗ ಬಿಡಿಸಿಕೊಂಡು, ಮಡಿಲಿನಲ್ಲಿರುವುದು ಚೆಲ್ಲಿ ಹೋಗದಿರಲಿ ಎನ್ನುವಂತೆ ಎರಡೂ ಕಡೆಯಿಂದ ಬಳಸಿದ್ದವು. ಲೋಟವನ್ನು ಅವಳು ತೆಗೆದುಕೊಳ್ಳಲಿಲ್ಲ. ನಾನೇ ಬಾಯಿಗೆ ಹಿಡಿದೆ.

‘ಇನ್ನೊಂದಿದೆ. ನೆಟ್ಟಗೆ ಕೂತ್ಕೋ.’

‘ಸಾಕು, ಆಯ್ತು.’

‘ಎಲ್ಲಿ ಆಯ್ತು? ಇರೋದೇ ಒಂದು ರೋಲು, ಒಂದನ್ನ ಯಾಕೆ ಹಾಳು ಮಾಡ್ತೀಯಾ?’

‘ಆಯ್ತು ಅಂದ್ನಲ್ಲ. ತೊಡೆ ಜೋಮು ಹಿಡಿದಿದೆ, ಎಬ್ಬಿಸು.’

ಎಬ್ಬಿಸಿದೆ. ಎದ್ದವಳು ಮಡಿಲ ಮೇಲಿನ ಧೂಳನ್ನು ಕೊಡವಿಕೊಂಡಳು. ಕುರ್ಚಿ ಒರೆಸಿರಲಿಲ್ಲವೇನೋ ಅಂದುಕೊಂಡೆ. ಅವಳನ್ನು ಮೇಲೆ ಬಿಟ್ಟು ಬಂದು, ಕ್ಯಾಮೆರಾ ಮಡಚಲೆಂದು ಲೆನ್ಸಿನ ಕೊರಳಿಗೆ ಸುತ್ತಿದ್ದ ದಾರ ಬಿಚ್ಚಿದೆ. ಕೈ ಅದರಷ್ಟಕ್ಕೆ ಬಿಚ್ಚಿತು. ತಲೆ ಬೇರೆಲ್ಲೋ ಇತ್ತು.

ಫಿಲ್ಮನ್ನು ಆಗಲೇ ತೊಳೆದೆ. ಕೊನೆಯ ನೀರಿನಿಂದ ಎತ್ತಿ ಬಲ್ಬಿಗೆ ಹಿಡಿದಾಗ ಎಂಟು ಚೌಕಗಳಲ್ಲೂ ಚಿತ್ರವಿತ್ತು. ಚಿತ್ರ ಬಂತಲ್ಲ ಎಂಬ ಖುಷಿಯಲ್ಲಿ ಎಂಟನೆಯದು ಯಾಕೆ ಬಂತು ಎಂದು ಕೇಳಿಕೊಳ್ಳುವಷ್ಟು ಪುರುಸೊತ್ತೂ ನನಗಿರಲಿಲ್ಲ. ಆಮೇಲೆ ಮೊದಲನೆಯ ಚೌಕದ ಮೂಲೆಯಲ್ಲಿ ಏನೋ ಕಂಡಿತು. ಕೊರಳಿಗೆ ನೇತುಹಾಕಿಕೊಂಡಿದ್ದ ಭೂತಗನ್ನಡಿಯನ್ನು ಕಣ್ಣಿಗೊತ್ತಿದೆ. ಅಮ್ಮನ ಹಿಂದೆ, ಬಾಗಿಲ ಹತ್ತಿರ, ಮೊಣಕಾಲೆತ್ತರದ ಒಂದು ಮಗು. ಎರಡನೆಯದರಲ್ಲಿ ಅದು ಬಾಗಿಲು ಬಿಟ್ಟು ಒಳಗೆ ಬಂದಿತ್ತು. ಮೂರನೆಯದರಲ್ಲಿ ಇನ್ನೂ ಹತ್ತಿರ. ಅದರ ಕಾಲಿನಲ್ಲಿ ಮೂತಿ ದುಂಡಗಿರುವ ಶೂ.

ಕಲ್ಲುಕಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟೆ.

ಬುದ್ಧಿ ಓಡಲು ಸ್ವಲ್ಪ ಹೊತ್ತು ಹಿಡಿಯಿತು. ರೋಲು ಹಾಳಾಗಿರಲಿಲ್ಲ. ಅಪ್ಪ ಅದನ್ನು ತೊಳೆದೇ ಇರಲಿಲ್ಲ. ಮಗ ಹೋದಮೇಲೆ ಕೈ ಬಂದಿರಲಿಕ್ಕಿಲ್ಲ. ತೊಳೆದುಬಿಟ್ಟರೆ ಅಲ್ಲಿಗೆ ಮುಗಿಯಿತು. ತೊಳೆಯದಿದ್ದರೆ ಮಗನದು ಇನ್ನೂ ಏನೋ ಬರುವುದಿದೆ ಎಂದು ಇಟ್ಟುಕೊಳ್ಳಬಹುದು. ಎರಡು ಗಂಟು ಹಾಕಿದ್ದರೆ ಅಮ್ಮ ಬೆರಳಾಡಿಸಿದ ಕೂಡಲೇ ಕಂಡುಹಿಡಿಯುತ್ತಿದ್ದಳು. ಅದಕ್ಕೇ ಕತ್ತಲೆಯಲ್ಲಿ ಮತ್ತೆ ಹಿಂದಕ್ಕೆ ಸುತ್ತಿ, ಒಂದು ಗಂಟು ಹಾಕಿ ಹೊಸ ರೋಲಿನ ವೇಷದಲ್ಲಿ ತಳದಲ್ಲಿ ಬಚ್ಚಿಟ್ಟ. ನಾನು ಅದನ್ನು ಎತ್ತಿ, ಅದೇ ಕ್ಯಾಮೆರಾಕ್ಕೆ ಹಾಕಿ, ಅದೇ ಕುಳಿಗಳಲ್ಲಿ ಸ್ಟ್ಯಾಂಡು ನಿಲ್ಲಿಸಿ, ಮಗನ ಮೇಲೆ ತಾಯಿಯ ಫೋಟೋ ತೆಗೆದೆ. ಅಪ್ಪನನ್ನು ಬಾಯಿಗೆ ಬಂದಂತೆ ಬೈದೆ. ಸತ್ತವರನ್ನು ಬೈಯಬಾರದಂತೆ, ಆದರೆ ಬದುಕಿದ್ದಾಗ ಗೊತ್ತಿದ್ದರೆ ಆಗಲೇ ಬೈಯುತ್ತಿದ್ದೆ.

ಫಿಲ್ಮ್ ಒಣಗಿದ ಮೇಲೆ ಒಂದೊಂದನ್ನೇ ಕಾಗದಕ್ಕಿಳಿಸಿದೆ. ಅಮ್ಮನಿಗೆ ಬೇಕಾದದ್ದು ಅವನ ಮುಖ, ಅದೊಂದು ಸಿಕ್ಕರೆ ಸಾಕು ಎಂದು ಹಾರೈಸುತ್ತ ಇಳಿಸಿದೆ. ಮೊದಲ ಮೂರರಲ್ಲಿ ಮುಖ ಕಡಲೆಕಾಳಿನಷ್ಟು, ದೊಡ್ಡದು ಮಾಡಿದರೆ ಬರೀ ಮರಳು. ನಾಲ್ಕನೆಯದರಲ್ಲಿ ಕುರ್ಚಿಯ ಎಡಕ್ಕೆ ನಿಂತು ಕೆಳಗೆ ಬಾಗಿದ್ದಾನೆ, ಬರೀ ನೆತ್ತಿ. ಐದನೆಯದರಲ್ಲಿ ಕುರ್ಚಿ ಹತ್ತಿ ಅದರ ಮೇಲೆ ನಿಂತಿದ್ದಾನೆ, ಮುಖ ನೆಟ್ಟಗೆ ಕ್ಯಾಮೆರಾದ ಕಡೆಗಿದೆ. ಆದರೆ ಅವನ ಮುಖದ ಮೇಲೇ, ಸರಿಯಾಗಿ ಅದರ ಮೇಲೇ, ಅಮ್ಮನ ಮುಖ ಬಂದು ಕೂತಿತ್ತು. ಅವನ ಕಣ್ಣಿನಲ್ಲಿ ಅವಳ ಕನ್ನಡಕ, ಅವನ ಕೆನ್ನೆಯ ಮೇಲೆ ಅವಳ ಸುಕ್ಕು. ಮುದುಕಿಯೂ ಅಲ್ಲ ಮಗುವೂ ಅಲ್ಲದ ಒಂದು ಮುಖ ತಟ್ಟೆಯ ನೀರಿನಡಿಯಿಂದ ನನ್ನನ್ನೇ ನೋಡುತ್ತಿತ್ತು. ನಾನದನ್ನು ಮಗುಚಿಹಾಕಿದೆ. ಆರು, ಏಳರಲ್ಲಿ ಇಳಿದು ಅಪ್ಪನ ಕಡೆಗೆ ಓಡಿಬಂದಿದ್ದಾನೆ. ತೀರಾ ಹತ್ತಿರ, ಬರೀ ಮಸುಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಅದನ್ನು ಕಸಿದವಳು ನಾನೇ. ಅಳು ಬಂತು, ಅತ್ತುಬಿಟ್ಟೆ.

ಆಮೇಲೆ ಎಂಟನೆಯದು ನೆನಪಾಯಿತು. ಅದಕ್ಕೆ ನಾನು ಮುಚ್ಚಳ ತೆಗೆದೇ ಇರಲಿಲ್ಲ. ಹಾಗಾದರೆ ಅದರಲ್ಲಿರುವುದು ಅಪ್ಪ ತೆಗೆದ ಚಿತ್ರ ಮಾತ್ರ. ತಮ್ಮ ಒಬ್ಬನೇ. ಕಣ್ಣೊರೆಸಿಕೊಂಡು ಎದ್ದೆ. ಕಾಗದಕ್ಕೆ ಬೆಳಕು ಕೊಟ್ಟು ತಟ್ಟೆಗೆ ಇಳಿಸಿದೆ.

ಮೊದಲು ಕುರ್ಚಿಯ ಬೆನ್ನು ಮೂಡಿತು. ಆಮೇಲೆ ಮಗುವಿನ ಮುಖ. ಇಷ್ಟು ಸ್ಪಷ್ಟವಾದ ಮುಖವನ್ನು ಆ ಕ್ಯಾಮೆರಾ ಕೊಡುತ್ತದೆಂದು ನಾನು ಎಣಿಸಿರಲಿಲ್ಲ. ಅಗಲ ಹಣೆ, ಒಂದು ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು, ನಗಲು ತೆರೆದ ಬಾಯಿ. ಅವನು ಕ್ಯಾಮೆರಾವನ್ನು ನೋಡುತ್ತಿರಲಿಲ್ಲ. ಕತ್ತೆತ್ತಿ ಮೇಲೆ ನೋಡುತ್ತಿದ್ದ. ಯಾರನ್ನು ಎಂದು ನಾನು ಬಗ್ಗಿದಾಗ, ನಿಧಾನವಾಗಿ ಬೂದಿ ಬಣ್ಣದ ಶಾಲಿನ ಅಂಚು ಮೂಡಿತು. ಬಿಳಿ ಕೂದಲು ಮೂಡಿತು. ಕಡ್ಡಿಗೆ ದಾರ ಸುತ್ತಿದ ಕನ್ನಡಕ ಮೂಡಿತು. ಅವನು ಅಮ್ಮನ ತೊಡೆಯ ಮೇಲೆ ಕೂತಿದ್ದ.

ಏಳನೆಯದನ್ನು ತೆಗೆಯುವಾಗಿನ ಬೆಳಕೇ ಇದರ ಮೇಲೂ ಬಿತ್ತೇ? ಇಲ್ಲ, ಏಳರಲ್ಲಿ ಅವಳ ಕೈ ಜೋಡಿಸಿದೆ, ಇದರಲ್ಲಿ ಬಳಸಿದೆ. ಮುಚ್ಚಳ ಜಾರಿ ಬೆಳಕು ಬಿತ್ತೇ? ಇರಬಹುದು, ಇರಬಹುದು ಎಂದುಕೊಳ್ಳುತ್ತಲೇ ನನ್ನ ಕಣ್ಣು ಬೇರೆಯದನ್ನು ನೋಡುತ್ತಿತ್ತು. ಒಂದೇ ಫಿಲ್ಮಿನ ಮೇಲೆ ಎರಡು ಸಲ ಬೆಳಕು ಬಿದ್ದರೆ ಯಾರೂ ಯಾರನ್ನೂ ಮರೆಮಾಡುವುದಿಲ್ಲ. ಇವರ ಮೈಯೊಳಗಿಂದ ಅವರು, ಅವರ ಮೈಯೊಳಗಿಂದ ಗೋಡೆ, ಎಲ್ಲ ಕಾಣುತ್ತಿರುತ್ತದೆ. ಮೊದಲ ಏಳೂ ಹಾಗೇ ಇದ್ದವು. ಇದು ಹಾಗಿರಲಿಲ್ಲ. ಅಮ್ಮನ ತೋಳು ಹುಡುಗನ ಹೊಟ್ಟೆಯನ್ನು ಮುಚ್ಚಿತ್ತು. ಹುಡುಗನ ತಲೆ ಶಾಲಿನ ಅಂಚನ್ನು ಮುಚ್ಚಿತ್ತು. ಅವನ ಶೂ ಒತ್ತಿದ ಕಡೆ ಅವಳ ಮಡಿಲಿನ ಬಟ್ಟೆ ಕುಳಿ ಬಿದ್ದಿತ್ತು.

ಆಗ ನೆನಪಾಯಿತು, ಲೆನ್ಸಿನ ಕೊರಳಿನಿಂದ ನಾನು ಬಿಚ್ಚಿದ ದಾರ. ನಾನು ದಾರ ಸುತ್ತುವುದಿಲ್ಲ.

ತೋರಿಸಲೋ ಬೇಡವೋ ಎಂದು ಮೆಟ್ಟಿಲ ಬುಡದಲ್ಲಿ ಬಹಳ ಹೊತ್ತು ನಿಂತೆ. ನನಗೆ ಹೆದರಿಕೆಯಾಗಿತ್ತು, ಅದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಆದರೆ ಮೇಲೆ ಕೂತಿದ್ದವಳಿಗೆ ಉಳಿದಿದ್ದ ಕಣ್ಣು ಕೆಲವೇ ವಾರಗಳದ್ದು. ಹತ್ತಿ ಹೋದೆ.

ಅಮ್ಮ ಕಿಟಕಿಯ ಹತ್ತಿರ ಕೂತಿದ್ದಳು. ಕಾಗದವನ್ನು ಅವಳ ಬಲಗೈಗೆ ಕೊಟ್ಟೆ. ಅವಳು ಅದನ್ನು ಬಲಗಣ್ಣಿನ ಹತ್ತಿರಕ್ಕೆ ತಂದು, ಅಂಗುಲ ಅಂಗುಲವಾಗಿ ಸರಿಸುತ್ತ ನೋಡಿದಳು. ಬೆಚ್ಚಲಿಲ್ಲ, ಅಳಲಿಲ್ಲ. ಬಟ್ಟೆಯಂಗಡಿಯಲ್ಲಿ ನೇಯ್ಗೆ ನೋಡುವವರ ಹಾಗೆ ನೋಡಿದಳು.

‘ಹ್ಞಾ, ಇದೇ ಮುಖ’ ಅಂದಳು. ‘ಹುಬ್ಬಿನ ಮೇಲಿನ ಗಾಯ ಮರ್ತೇ ಹೋಗಿತ್ತು ನೋಡು. ಮೇಜಿನ ತುದಿ ಬಡಿದಿದ್ದು. ಮೂಗು ಪೂರ್ತಿ ನಿಮ್ಮಪ್ಪಂದೇ.’

‘ಅಮ್ಮ.’

‘ಏನು?’

‘ಇದನ್ನ ನಾನು ತೆಗೀಲಿಲ್ಲ.’

‘ಗೊತ್ತು. ನೀನು ನೀರು ತರೋಕೆ ಮೇಲೆ ಬಂದಿದ್ದೆ.’

‘ಮತ್ತೆ ಯಾರು ತೆಗೆದಿದ್ದು?’

‘ಅದೇನು ಹಾಗೆ ಕೇಳ್ತೀಯಾ? ಸ್ಟುಡಿಯೋ ಯಾರದು?’ ಅವಳು ಕಾಗದದಿಂದ ಕಣ್ಣು ಕೀಳಲಿಲ್ಲ. ‘ಉಸಿರು ಹಿಡಿ, ಬೆಳಕು ಬರ್ತಿದೆ ಅಂದ್ರು. ಹಿಡಿದೆ. ಆಮೇಲೆ ಮುಚ್ಚಳ ಹಾಕಿ ದಾರ ಸುತ್ತಿದ್ರು. ನಿನ್ನ ಮಗಳು ಯಾವತ್ತೂ ದಾರ ಸುತ್ತಲ್ಲ, ಒಂದಿನ ಮುಚ್ಚಳ ಬೀಳಿಸಿ ಎಲ್ಲ ಹಾಳು ಮಾಡ್ತಾಳೆ ಅಂತ ಗೊಣಗಿದ್ರು ಕೂಡ. ರೋಲ್ ಬಚ್ಚಿಟ್ಟಿದ್ದಕ್ಕೆ ನಾನೂ ಎರಡು ಮಾತು ಅಂದೆ. ಅಷ್ಟರಲ್ಲಿ ನಿನ್ನ ಹೆಜ್ಜೆ ಸದ್ದಾಯ್ತು.’

ರೋಲ್ ಬಚ್ಚಿಟ್ಟ ವಿಷಯವನ್ನು ನಾನು ಅವಳಿಗೆ ಇನ್ನೂ ಹೇಳಿರಲಿಲ್ಲ.

ಆಮೇಲೆ ಅಮ್ಮ ದಿನವೂ ಆ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತಳು, ಹಿಡಿದರೂ ಕಾಣದ ದಿನ ಬರುವವರೆಗೆ. ಆ ದಿನ ಅದನ್ನು ಮಡಚದಂತೆ ಎಚ್ಚರದಿಂದ ನನ್ನ ಕೈಗೆ ಕೊಟ್ಟು, ಒಳಗಿಡು ಅಂದಳು. ಇನ್ನು ಅದು ಬೇಡವಂತೆ. ಕಣ್ಣು ಮುಚ್ಚಿದರೆ ಮುಖ ಬರುತ್ತದಂತೆ, ಗಾಯದ ಗುರುತಿನ ಸಮೇತ. ಈಗ ಅವಳು ಊಟ ಮಾಡಿ, ರೇಡಿಯೋ ಕೇಳಿ, ನನ್ನ ಗಿರಾಕಿಗಳನ್ನು ಆಡಿಕೊಂಡು ನಗುತ್ತಾಳೆ. ಇಷ್ಟು ನೆಮ್ಮದಿಯಾಗಿ ಅವಳನ್ನು ನಾನು ಯಾವತ್ತೂ ಕಂಡಿರಲಿಲ್ಲ.

‘ಶೂ?’ ಎಂದು ಒಂದು ದಿನ ಕೇಳಿದೆ.

‘ಶೂ ಈಗ ನನಗೆ ಬರಲ್ಲ’ ಅಂದಳು.

ಹೌದು, ಅವಳಿಗೆ ಬರುವುದಿಲ್ಲ. ಕೆಳಗೆ ಅಂಗಡಿಯಲ್ಲಿ, ಹಾಡುಹಗಲಲ್ಲಿ, ಯಾರದೋ ತಾತನ ಕ್ಯಾಮೆರಾ ಬಿಚ್ಚಿಕೊಂಡು ಕೂತಿರುವಾಗ ನನಗೆ ಕೇಳಿಸುತ್ತದೆ. ಅಪ್ಪನ ಕ್ಯಾಮೆರಾ ಮಡಚಿ ಕಪಾಟಿನಲ್ಲಿದೆ, ಅದರೊಳಗೆ ಫಿಲ್ಮಿಲ್ಲ, ಗುಬುಟನ್ನು ಯಾರೂ ತಿರುಗಿಸುವುದಿಲ್ಲ. ಮೊದಲು ಹಿಂದಿನ ಕೋಣೆಯ ಬಾಗಿಲ ಹತ್ತಿರ ಪೀಂ ಅನ್ನುತ್ತಿತ್ತು. ಆಮೇಲೆ ಕಪಾಟಿನ ಹತ್ತಿರ. ಹೋದ ವಾರ ನನ್ನ ಮೇಜಿನ ಎಡಕ್ಕೆ, ಕೆಳಗಡೆ. ನಾನು ಆ ಕಡೆ ನೋಡುವುದಿಲ್ಲ. ಫಿಲ್ಮ್ ಇದೆಯಾ ಎಂದು ಕೇಳಿಕೊಂಡು ಬಂದವರಿಗೆ ಇಲ್ಲ, ಎಲ್ಲೂ ಸಿಗಲ್ಲ ಎಂದು ಮೊದಲಿನ ಹಾಗೇ ಬೈದು ಕಳಿಸುತ್ತೇನೆ.

ನಿನ್ನೆ ಕೆಲಸ ಮುಗಿಸಿ ಏಳಲು ಹೋದರೆ ಏಳಲಾಗಲಿಲ್ಲ, ನನ್ನ ತೊಡೆ ಜೋಮು ಹಿಡಿದಿತ್ತು.